ಪೆದ್ದನಿಲ್ಲದ ಕಟ್ಟು

ಆ ದಿನದ ಫಜೀತಿಗೆಲ್ಲ ಮೂಲ, ಕುದುರೆಯ ಮೇಲೆ ಕೂತ ಒಂದು ಮಗುವಿನ ಚಿತ್ರ.

ಎಂಟು ತಿಂಗಳ ಹಿಂದೆ ರೈಲು ನಿಲ್ದಾಣದ ‘ಕಳೆದುಹೋದ ವಸ್ತುಗಳ ಕೌಂಟರ್’ಗೆ ಯಾರೋ ಒಂದು ಕೆಂಪು ಮಖಮಲ್ಲಿನ ಚೀಲ ತಂದುಕೊಟ್ಟಿದ್ದರು. ಅಲ್ಲಿನ ಗುಮಾಸ್ತರು ಚೀಲದ ಬಾಯಿ ಸಡಿಲಿಸಿ ಇಣುಕಿದರು. ಮೇಲಿನ ಕಾರ್ಡಿನಲ್ಲಿ ನಗುವ ಸೂರ್ಯ, ಬಿಳಿಯ ಕುದುರೆ, ಅದರ ಬೆನ್ನ ಮೇಲೊಂದು ಬರಿಮೈಯ ಮಗು. ಇನ್ನು ನೋಡುವುದೇನಿದೆ? ರಿಜಿಸ್ಟರಿನಲ್ಲಿ ‘ಮಕ್ಕಳ ಚಿತ್ರಕಾರ್ಡು, ಕಟ್ಟು ಒಂದು’ ಎಂದು ದುಂಡಗೆ ಬರೆದು, ಚೀಲವನ್ನು ಗೊಂಬೆಗಳ ಕಪಾಟಿನಲ್ಲಿಟ್ಟು, ಅವರು ಮುಂದಿನ ಛತ್ರಿಗೆ ಚೀಟಿ ಅಂಟಿಸತೊಡಗಿದರು.

ಆರು ತಿಂಗಳಾದರೂ ಯಾರೂ ಕೇಳಿಕೊಂಡು ಬಾರದ ಸಣ್ಣಪುಟ್ಟ ವಸ್ತುವನ್ನು ಸಿಬ್ಬಂದಿ ಸಹಿ ಹಾಕಿ ಒಯ್ಯಬಹುದೆಂಬುದು ಅಲ್ಲಿನ ನಿಯಮ. ಗುಮಾಸ್ತರು ಮಗಳಿಗೆಂದು ಚೀಲವನ್ನು ಮನೆಗೆ ಒಯ್ದರು. ಹೆಂಡತಿ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಸುರಿದಳು. ಮಗುವಿನ ಕೆಳಗೆ ಒಂಟಿ ಕಾಲಿಗೆ ಹಗ್ಗ ಬಿಗಿದುಕೊಂಡು ತಲೆಕೆಳಗಾಗಿ ತೂಗುವ ಮನುಷ್ಯ. ಅವನ ಕೆಳಗೆ ಸಿಡಿಲು ಬಡಿದ ಗೋಪುರ. ಅದರ ಕೆಳಗೆ ಕುದುರೆಯೇರಿದ ಎಲುಬುಗೂಡು.

“ರೀ, ಇದು ಮಗೂಗೆ ಕೊಡೋ ಆಟಾನಾ? ಇದನ್ನ ನೋಡಿದ್ರೆ ನನಗೇ ಜ್ವರ ಬರುತ್ತೆ!”

“ನೋಡೋಣ ಇರು,” ಎಂದರು ಗುಮಾಸ್ತರು.

ಈ ‘ನೋಡೋಣ’ವೇ ಅವರ ಆಸ್ತಿ. ಛತ್ರಿ ಸಿಕ್ಕಿತೇ ಎಂದರೆ ನೋಡೋಣ, ಚಹಾ ಕುಡಿಯುತ್ತೀರಾ ಎಂದರೆ ನೋಡೋಣ. ನಿಲ್ದಾಣಕ್ಕೆ ನಿಲ್ದಾಣವೇ ಅವರನ್ನು ನೋಡೋಣರಾಯರು ಎನ್ನುತ್ತಿತ್ತು. ಅಂಚೆಯಲ್ಲಿ ಬರುವ ವಿಚಾರಣೆಗಳಿಗೆ ಮಾತ್ರ ನೋಡೋಣ ಎನ್ನಲು ಬರುವುದಿಲ್ಲವಲ್ಲ. ಅದಕ್ಕೆ ಅವರ ಬಳಿ ‘ಅಂತಹ ವಸ್ತು ಬಂದಿಲ್ಲ’ ಎಂಬ ರಬ್ಬರ್ ಮುದ್ರೆಯಿತ್ತು. ಅನುಮಾನ ಬಂದಾಗಲೆಲ್ಲ ಅದನ್ನು ಒತ್ತುತ್ತಿದ್ದರು. ಅನುಮಾನ ಅವರಿಗೆ ದಿನಕ್ಕೆ ಐವತ್ತು ಸಲ ಬರುತ್ತಿತ್ತು. ಪಕ್ಕದಲ್ಲೇ ‘ಸಿಕ್ಕಿದೆ, ಬಂದು ಒಯ್ಯಿರಿ’ ಎಂಬ ಇನ್ನೊಂದು ಮುದ್ರೆಯೂ ಇತ್ತು. ಶಾಯಿ ಕಾಣದೆ ಅದು ಬರಗಾಲದ ಕೆರೆಯಂತೆ ಬಿರುಕು ಬಿಟ್ಟಿತ್ತು.

ಹನ್ನೊಂದು ವರ್ಷಗಳಿಂದ ಅವರ ಗೋಪ್ಯ ವರದಿಯಲ್ಲಿ ಒಂದೇ ವಾಕ್ಯ: ‘ಪ್ರಾಮಾಣಿಕರು, ಆದರೆ ನಿರ್ಧಾರ ತೆಗೆದುಕೊಳ್ಳುವ ಧೈರ್ಯವಿಲ್ಲ.’ ಆ ವಾಕ್ಯದ ದೆಸೆಯಿಂದ ಮೇಲ್ವಿಚಾರಕರ ಹುದ್ದೆ ಮೂರು ಸಲ ಅವರ ಮೂಗಿನ ಮುಂದೆ ಸುಳಿದು ಬೇರೆಯವರ ಪಾಲಾಗಿತ್ತು.

ಆದ್ದರಿಂದಲೇ, ಚೀಲದ ತಳದಿಂದ ಉದುರಿದ ಅಂಗೈಯಗಲದ ಕೈಪಿಡಿಯ ಹೆಸರು ಅವರನ್ನು ಹಿಡಿದು ನಿಲ್ಲಿಸಿತು: ‘ಟ್ಯಾರೋ: ಹೊಸಬರಿಗೆ ಧೈರ್ಯದ ದಾರಿ.’ ಟ್ಯಾರೋ ಎಂದರೆ ಭವಿಷ್ಯ ನೋಡುವ ಈ ಚಿತ್ರಕಾರ್ಡುಗಳು. ದಿನ ಬೆಳಗ್ಗೆ ಒಂದು ಕಾರ್ಡು ಎತ್ತಿರಿ, ಎನ್ನುತ್ತಿತ್ತು ಕೈಪಿಡಿ. ಅರ್ಥವನ್ನು ಪುಸ್ತಕದಲ್ಲಿ ಹುಡುಕುವ ಮೊದಲು, ಚಿತ್ರ ಕಂಡಾಗ ಮನಸ್ಸಿಗೆ ಹೊಳೆದ ಮೊದಲ ಮಾತನ್ನು ಬರೆದಿಡಿ. ನಲವತ್ತು ದಿನ ಹೀಗೆ ಮಾಡಿರಿ. ಒಳಗಿನ ದನಿ ಎಲ್ಲರಲ್ಲೂ ಇದೆ. ಅದನ್ನು ನಂಬುವ ಅಭ್ಯಾಸವಷ್ಟೇ ಇಲ್ಲ.

ರಾಯರು ಆ ಸಾಲನ್ನು ಮೂರು ಸಲ ಓದಿದರು. ತಮ್ಮೊಳಗೂ ಒಂದು ದನಿಯಿದ್ದುದು ಅವರಿಗೆ ನೆನಪಿತ್ತು. ‘ಖಂಡಿತಾನಾ?’ ಎಂದು ಬಾಲ್ಯದಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು, ಕಚೇರಿಯಲ್ಲಿ ಸಾಹೇಬರು ಕೇಳಿ ಕೇಳಿ, ಆ ದನಿ ಬಾಗಿಲ ಸಂದಿಯಲ್ಲಿ ನಿಂತ ನೆಂಟನಂತೆ ಒಳಗೆ ಬರಲೂ ಆಗದೆ ಹಿಂದಿರುಗಲೂ ಆಗದೆ ಉಳಿದುಬಿಟ್ಟಿತ್ತು.

ಒಂದೇ ಒಂದು ಅಡ್ಡಿ. ಕೈಪಿಡಿಯ ಲೆಕ್ಕಕ್ಕೆ ಎಪ್ಪತ್ತೆಂಟು ಕಾರ್ಡುಗಳಿರಬೇಕು, ಇದ್ದದ್ದು ಎಪ್ಪತ್ತೇಳು. ಪಟ್ಟಿ ಹಿಡಿದು ನೋಡಿದಾಗ ಇಲ್ಲದಿದ್ದದ್ದು ಎಲ್ಲಕ್ಕೂ ಮೊದಲನೆಯದು, ಸೊನ್ನೆ ನಂಬರಿನದು, ‘ಪೆದ್ದ’.

“ಪೆದ್ದ ತಾನೇ? ಹೋದ್ರೆ ಹೋಗಲಿ ಬಿಡಿ,” ಎಂದಳು ಹೆಂಡತಿ. “ಆ ಜಾಗಕ್ಕೆ ಮನೇಲಿ ನೀವಿದ್ದೀರಲ್ಲ.”

ಮೂವತ್ತೊಂಬತ್ತನೆಯ ದಿನ ತನಿಖಾಧಿಕಾರಿಗಳ ಭೇಟಿಯ ದಿನವೇ ಆಗಿತ್ತು. ಹೊಸ ಅಧಿಕಾರಿ ಹೆಂಗಸಂತೆ, ಬಲು ಕಟ್ಟುನಿಟ್ಟಂತೆ, ನಾಲ್ಕು ಗಂಟೆಯ ಗಾಡಿಗೆ ಬರುತ್ತಾರಂತೆ. ಮೇಲ್ವಿಚಾರಕರ ಖುರ್ಚಿ ನಾಲ್ಕನೆಯ ಸಲ ಖಾಲಿಯಾಗಿತ್ತು. ಅದರಲ್ಲಿ ಯಾರು ಕೂರಬೇಕೆಂಬುದು ಅವರು ಬರೆಯುವ ಎರಡು ಸಾಲಿನಲ್ಲಿತ್ತು. ಇನ್ನೆರಡು ವರ್ಷ ಕಳೆದರೆ ರಾಯರಿಗೆ ಬಡ್ತಿಯ ವಯಸ್ಸೇ ಮೀರುತ್ತಿತ್ತು. ಮನೆಯಲ್ಲಿ ಕಾರ್ಡು ಎತ್ತಲು ಪುರುಸೊತ್ತಾಗದೆ, ಚೀಲವನ್ನು ಊಟದ ಡಬ್ಬಿಯ ಪಕ್ಕ ತುರುಕಿಕೊಂಡು ಕಚೇರಿಗೆ ಓಡಿದರು.

ಮಧ್ಯಾಹ್ನದ ಬಿಡುವಿನಲ್ಲಿ ಕೌಂಟರಿನ ಮರೆಯಲ್ಲಿ ಎತ್ತಿದ ಕಾರ್ಡು ‘ನ್ಯಾಯ’. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ತಕ್ಕಡಿ ಹಿಡಿದು ನೆಟ್ಟಗೆ ಕೂತ ಹೆಂಗಸು. ರಾಯರು ನೋಟುಬುಕ್ಕಿನಲ್ಲಿ ಬರೆದರು: ‘ಮೊದಲ ಯೋಚನೆ: ಒಬ್ಬ ಹೆಂಗಸು ತನ್ನದನ್ನು ತನಗೆ ಕೊಡಿ ಎಂದು ಕೇಳಿಕೊಂಡು ಬರುತ್ತಾಳೆ.’ ಬರೆದದ್ದನ್ನು ನೋಡಿ ಅವರಿಗೇ ನಗು ಬಂತು. ಈ ಕೌಂಟರಿಗೆ ಬರುವವರೆಲ್ಲ ಕೇಳುವುದು ಅದನ್ನೇ! ಇದೂ ಒಂದು ಒಳದನಿಯೇ? ಗೀಟೆಳೆದು ಹೊಡೆದುಹಾಕಿದರು. ಮೂವತ್ತೊಂಬತ್ತು ದಿನಗಳಲ್ಲಿ ಇದು ಮೂವತ್ತೊಂಬತ್ತನೆಯ ಗೀಟು.

“ಏನ್ರೀ ಅದು, ಇಸ್ಪೀಟಾ? ಆಫೀಸಲ್ಲಿ?”

ಪಾರ್ಸೆಲ್ ಅಕ್ಕ. ಪಕ್ಕದ ಪಾರ್ಸೆಲ್ ವಿಭಾಗದ ತೂಕದ ಯಂತ್ರ ಅವರ ಕೈಯಲ್ಲಿತ್ತು. ಪೆಟ್ಟಿಗೆಗಳ ಜೊತೆಗೆ ಮನುಷ್ಯರನ್ನೂ ತೂಗಿ ನೋಡುವುದು ಅವರ ಅಭ್ಯಾಸ. ರಾಯರು ತೊದಲುತ್ತ ವಿಷಯ ಹೇಳಿದ್ದೇ ತಡ, ಅಕ್ಕ ಸ್ಟೂಲು ಎಳೆದು ಕೂತರು.

“ಹಾಗಾದ್ರೆ ನನಗೊಂದು ಎತ್ತಿ. ಮಗಳು ಹತ್ತು ದಿನದಿಂದ ಫೋನೇ ಮಾಡಿಲ್ಲ. ಅವಳಿಗೆ ಯಾಕೆ ಅಷ್ಟು ಕೋಪ, ಕೇಳಿ ನಿಮ್ಮ ಕಾರ್ಡನ್ನ.”

“ನಾನಿನ್ನೂ ಕಲೀತಾ ಇದ್ದೀನಿ ಅಕ್ಕಾ. ನೋಡೋಣ, ನಾಳೆ...”

“ನಾಳೆ ಅಲ್ಲ, ಈಗ.”

ಬಂದ ಕಾರ್ಡಿನಲ್ಲಿ ಮರದಡಿ ಕೈಕಟ್ಟಿ ಕೂತ ಒಬ್ಬ ಯುವಕ. ಗಾಳಿಯಲ್ಲಿ ಒಂದು ಕೈ ಬಟ್ಟಲನ್ನು ಅವನತ್ತ ಚಾಚಿದೆ. ಅವನು ಕಣ್ಣೆತ್ತಿಯೂ ನೋಡುತ್ತಿಲ್ಲ. ರಾಯರು ಕೈಪಿಡಿಯ ಪುಟ ಹುಡುಕತೊಡಗಿದರು. ಪುಟ ಸಿಗುವ ಮೊದಲೇ ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತು: “ಅವಳಿಗೆ ಕೋಪ ಇಲ್ಲ ಅಕ್ಕಾ. ಕೋಪ ಇರೋದು ನಿಮಗೆ. ಅವಳು ಮಾಡಿದ ಫೋನನ್ನ ನೀವು ಎತ್ತಿಲ್ಲ.”

ಅಕ್ಕನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಸ್ಟೂಲು ಹಿಂದಕ್ಕೆ ತಳ್ಳಿ ಎದ್ದುಹೋದರು. ತೂಕದ ಯಂತ್ರದ ಹಿಂದೆ ನಿಂತು ಫೋನು ಕಿವಿಗೆ ಹಿಡಿದದ್ದು, ಸೆರಗಿನಿಂದ ಕಣ್ಣೊರೆಸಿಕೊಂಡದ್ದು ರಾಯರಿಗೆ ದೂರದಿಂದಲೇ ಕಂಡಿತು.

ರಾಯರು ತಮ್ಮ ಕೈಯಲ್ಲಿದ್ದ ಕಾರ್ಡನ್ನು ಮತ್ತೆ ನೋಡಿದರು. ಅದು ಏನನ್ನೂ ಹೇಳಿರಲಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ಅಕ್ಕನನ್ನು ಕಂಡಿದ್ದರು. ಹತ್ತು ದಿನಗಳಿಂದ ಅವರ ಫೋನು ರಿಂಗಾಗಿ ರಿಂಗಾಗಿ ತಣ್ಣಗಾಗುವುದನ್ನು ಕೇಳಿದ್ದರು. ಕಂಡದ್ದು ಗೊತ್ತಿತ್ತು, ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಕಾರ್ಡು ಬರೀ ಕನ್ನಡಿ ಹಿಡಿದಿತ್ತೇ? ಯೋಚನೆ ಅರ್ಧದಾರಿಯಲ್ಲಿದ್ದಾಗಲೇ ತಲೆಯ ಮೇಲಿನ ಧ್ವನಿವರ್ಧಕ ‘ಟಿಂಗ್ ಟಾಂಗ್’ ಎಂದಿತು.

ಮಗಳೊಡನೆ ಮಾತಾಡಿದ ಸಂತೋಷವನ್ನು ಒಬ್ಬರೇ ಹೊರಲಾರದೆ ಅಕ್ಕ ಪ್ರಕಟಣೆಯ ಕೊಠಡಿಗೆ ಓಡಿದ್ದರು. ಅಲ್ಲಿನ ಅನೌನ್ಸರು ಆಗಷ್ಟೇ ಗಾಡಿಯೊಂದರ ಬರವನ್ನು ಸಾರಿ, ಮೈಕು ಮುಚ್ಚಲು ಮರೆತು ಚಹಾಕ್ಕೆ ಕೈಹಾಕಿದ್ದರು.

“ಅಯ್ಯೋ, ನಮ್ಮ ನೋಡೋಣರಾಯರು ಇದ್ದಾರಲ್ಲಾ,” ಎಂದು ಅಕ್ಕನ ದನಿ ಆರೂ ಪ್ಲಾಟ್‌ಫಾರ್ಮುಗಳ ಮೇಲೆ ಗುಡುಗಿತು, “ಕಾರ್ಡ್ ಹಾಕಿ ಮನಸ್ಸಲ್ಲಿರೋದನ್ನ ಹಾಗೇ ಹೇಳಿಬಿಡ್ತಾರೆ ಕಣ್ರೀ! ಕಳೆದುಹೋದ ವಸ್ತುಗಳ ಕೌಂಟರಲ್ಲಿ! ನನಗೆ ಮೈಯೆಲ್ಲ ಜುಮ್ಮಂತು!”

ಆಮೇಲೆ ಅನೌನ್ಸರ ದನಿ, “ಅಕ್ಕಾ, ಮೈಕು...” ‘ಟಿಂಗ್ ಟಾಂಗ್.’

ಎರಡು ಗಂಟೆಯ ಗಾಡಿ ಅಂದು ತಡವಾಗಿತ್ತು. ಕಾಯುತ್ತ ಕೂತವರಿಗೆ ಇದಕ್ಕಿಂತ ಬೇರೆ ಕೆಲಸವಿರಲಿಲ್ಲ. ಐದೇ ನಿಮಿಷದಲ್ಲಿ ಕೌಂಟರಿನ ಮುಂದೆ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಸಾಲು ನಿಂತಿತು.

“ಇದು ಸರ್ಕಾರಿ ಕೌಂಟರು. ದಯವಿಟ್ಟು ಹೋಗಿ,” ಎಂದು ರಾಯರು ಕೈಮುಗಿದರು.

“ಹೋಗ್ತೀವಿ ಸ್ವಾಮಿ, ಹೇಳಿದ್ರೆ ಹೋಗ್ತೀವಿ,” ಎಂದ ಮೊದಲು ನಿಂತಿದ್ದ ಮುದುಕ. “ನನ್ನ ಛತ್ರಿ ಎಲ್ಲಿದೆ?”

ಕನಿಷ್ಠ ಇದು ತಮ್ಮ ವಿಭಾಗದ ಪ್ರಶ್ನೆ ಎಂದು ರಾಯರಿಗೆ ಸಮಾಧಾನವಾಯಿತು. ಕಾರ್ಡು ತಿರುವಿದರು. ಮುದುಕನ ಮಳೆ ತಾಗದ ಚಪ್ಪಲಿ, ಇಸ್ತ್ರಿ ಕೆಡದ ಅಂಗಿ ಕಣ್ಣಿಗೆ ಬಿತ್ತು. ಅಂದರೆ ಮನೆ ಬಿಟ್ಟಾಗ ಬಿಸಿಲಿತ್ತು; ಬಿಸಿಲಲ್ಲಿ ಛತ್ರಿ ಯಾರಿಗೆ ನೆನಪಾಗುತ್ತದೆ? “ನೀವು ಅದನ್ನ ತಂದೇ ಇಲ್ಲ ಅಜ್ಜಾ. ಮನೇಲಿ ಬಾಗಿಲ ಹಿಂದೆ ನೋಡೋಕೆ ಹೇಳಿ.”

ಮುದುಕ ಮನೆಗೆ ಫೋನು ಹಚ್ಚಿದ. ಅತ್ತಲಿಂದ ಬಂದ ಹೆಂಡತಿಯ ಬೈಗುಳ ಸಾಲಿನ ತುದಿಯವರಿಗೂ ಕೇಳಿಸಿತು. ಛತ್ರಿ ಬಾಗಿಲ ಹಿಂದೆಯೇ ಇತ್ತು.

ಅಲ್ಲಿಂದ ಮುಂದೆ ಸಾಲು ರಾಯರ ಹತೋಟಿಗೆ ಸಿಗಲಿಲ್ಲ. ಸಂದರ್ಶನಕ್ಕೆ ಹೊರಟ ಹುಡುಗಿಗೆ, “ಉತ್ತರ ಗೊತ್ತಿದೆ, ಗಂಟಲಿಗೆ ನೀರು ಬೇಕು, ಅಷ್ಟೇ,” ಎಂದರು; ಅವಳು ನಕ್ಕು ನೀರು ಕುಡಿದು ಹೋದಳು. ಡೊಳ್ಳುಹೊಟ್ಟೆಯ ವ್ಯಾಪಾರಿಗೆ ಮಾತ್ರ, “ನಿಮಗೆ ಈಗಲೇ ದೂರಪ್ರಯಾಣ ಇದೆ,” ಎಂದು ಕೈಪಿಡಿ ನೋಡಿ ಹೇಳಿದರು. “ಇತ್ತು ಸ್ವಾಮಿ,” ಎಂದ ಅವನು, “ನಿಮ್ಮ ಸಾಲಲ್ಲಿ ನಿಂತಿದ್ದಾಗ ಗಾಡಿ ಹೋಯ್ತು.” ಕೈಪಿಡಿ ನೋಡಿದಾಗ ತಪ್ಪಾಗುತ್ತದೆ, ಮುಖ ನೋಡಿದಾಗ ಸರಿಯಾಗುತ್ತದೆ ಎಂಬುದು ರಾಯರಿಗೆ ಹೊಳೆಯಿತು. ಕೈಪಿಡಿಯನ್ನು ಮುಚ್ಚಿ ಡ್ರಾಯರಿಗೆ ಹಾಕಿದರು. ಹೊಸದಾಗಿ ಸೈಕಲ್ ಕಲಿಯುವವನಿಗೆ ಹಿಂದೆ ಹಿಡಿದಿದ್ದವರು ಕೈಬಿಟ್ಟು ಬಹಳ ಹೊತ್ತಾಗಿದೆ ಎಂದು ತಿಳಿದಾಗ ಆಗುವಂಥ ಹೆದರಿಕೆ, ಅಂಥದೇ ಖುಷಿ.

ಮೂರೂವರೆಯ ಹೊತ್ತಿಗೆ ಸಾಲು ಕರಗಿತು. ಕೊನೆಗೆ ಉಳಿದವರು ಒಬ್ಬ ಹೆಂಗಸು. ಐವತ್ತರ ಆಸುಪಾಸು, ಬೂದುಬಣ್ಣದ ಕೈಚೀಲ, ಗೆರೆ ಎಳೆದಂತೆ ನೆಟ್ಟಗಿನ ನಿಲುವು. ‘ಇನ್ನರ್ಧ ಗಂಟೆಗೆ ಅಧಿಕಾರಿ ಬರುತ್ತಾರೆ; ಇವರೊಬ್ಬರನ್ನು ಕಳಿಸಿ ಮೇಜು ಒರೆಸಬೇಕು,’ ಎಂದುಕೊಂಡರು ರಾಯರು.

“ಏನು ಕೇಳ್ಬೇಕಿತ್ತು ನಿಮಗೆ?”

“ನಾನು ಕೇಳಲ್ಲ. ನೀವೇ ಹೇಳಿ,” ಎಂದರು ಹೆಂಗಸು. ಅವರ ಕಣ್ಣು ರಾಯರ ಮುಖಕ್ಕಿಂತ ಹೆಚ್ಚಾಗಿ ಕಾರ್ಡುಗಳ ಬೆನ್ನಿನ ಮೇಲಿತ್ತು.

ರಾಯರು ಮೂರು ಕಾರ್ಡು ಮಲಗಿಸಿದರು. ಮೊದಲನೆಯದು ಮತ್ತೆ ಅದೇ ‘ನ್ಯಾಯ’. ಎರಡನೆಯದು ಲಾಟೀನು ಎತ್ತಿಹಿಡಿದು ಕತ್ತಲಲ್ಲಿ ಏನನ್ನೋ ಅರಸುವ ಮುದುಕ. ಮೂರನೆಯದು ಸೂರ್ಯ, ಕುದುರೆ, ಮಗು. ಕುದುರೆಯ ಬಾಲದ ಬಳಿ ಹಳೆಯದೊಂದು ಚಹಾದ ಕಲೆ. ಅದನ್ನು ಕಂಡದ್ದೇ ಹೆಂಗಸಿನ ಉಸಿರು ಸಣ್ಣಗೆ ಸಿಕ್ಕಿಕೊಂಡಿತು. ರಾಯರ ಹೊಸ ಕಣ್ಣಿಗೆ ಅದು ತಪ್ಪಲಿಲ್ಲ.

“ನೀವು ಏನೋ ಕಳ್ಕೊಂಡಿದ್ದೀರಿ ಅಮ್ಮಾ,” ಎಂದರು ಮೆಲ್ಲಗೆ. “ಬಹಳ ದಿನ ಹುಡುಕಿದ್ದೀರಿ. ವಸ್ತು ದೊಡ್ಡದೇನಲ್ಲ. ಆದ್ರೆ ಅದನ್ನ ಹುಡುಕಿಕೊಡಬೇಕಾದೋರು ತಲೆಯೆತ್ತಿ ಕೂಡ ನೋಡಲಿಲ್ಲ. ನಿಮಗೆ ನೋವಾಗಿರೋದು ಅದಕ್ಕೆ.”

ಹೆಂಗಸು ಬೆರಳ ತುದಿಯಿಂದ ಆ ಚಹಾದ ಕಲೆಯನ್ನು ಮುಟ್ಟಿದರು. “ನಿಜ. ಅಕ್ಷರ ಅಕ್ಷರ ನಿಜ. ಸಿಗುತ್ತಾ ಅದು?”

ನಾಲಗೆಯ ತುದಿಗೆ ‘ನೋಡೋಣ’ ಬಂದು ನಿಂತಿತು. ರಾಯರು ಅದನ್ನು ನುಂಗಿದರು.

“ಸಿಗುತ್ತೆ. ಇವತ್ತೇ ಸಿಗುತ್ತೆ. ದೂರ ಹೋಗೋದೇ ಬೇಡ, ನಿಮ್ಮ ಕಣ್ಣೆದುರಿಗೇ ಇದೆ.”

“ಖಂಡಿತಾನಾ?”

ಅಪ್ಪ, ಮೇಷ್ಟ್ರು, ಸಾಹೇಬರು ಸಾಲಾಗಿ ನಿಂತು ಕೇಳಿದಂತಾಯಿತು. ರಾಯರು ಬೆನ್ನು ನೆಟ್ಟಗೆ ಮಾಡಿದರು. “ಬೇಕಾದ್ರೆ ಬರೆದುಕೊಡ್ತೀನಿ.”

“ಕೊಡಿ.”

ಕೊಟ್ಟರು. ಕಚೇರಿಯ ಕಾಗದದ ಮೇಲೆ, ತಾರೀಖು ಹಾಕಿ, ‘ತಾವು ಕಳೆದುಕೊಂಡ ವಸ್ತು ಈ ದಿನ ಈ ಕೌಂಟರಿನಲ್ಲೇ ತಮ್ಮ ಕಣ್ಣೆದುರಿಗಿದೆ’ ಎಂದು ಬರೆದು, ಪೂರ್ತಿ ಸಹಿ ಮಾಡಿದರು. ಜೀವನದಲ್ಲಿ ಅವರು ಹಿಂದೆಮುಂದೆ ನೋಡದೆ ಮಾಡಿದ ಮೊದಲ ಸಹಿ.

ಹೆಂಗಸು ಕಾಗದವನ್ನು ಮಡಿಚಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ಒಂದು ಗಾಡಿ ಮೊದಲೇ ಬಂದೆ. ಈ ವರ್ಷದ ತನಿಖೆ ನನ್ನದು.”

ರಾಯರು ಎದ್ದ ರಭಸಕ್ಕೆ ಖುರ್ಚಿ ಹಿಂದಕ್ಕೆ ಉರುಳಿತು. ಬಾಗಿಲಲ್ಲಿ ಇಣುಕುತ್ತಿದ್ದ ಪಾರ್ಸೆಲ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದು ಅಧಿಕಾರಿ ಕಡತ ಬಿಚ್ಚಿದರು. “ಹನ್ನೊಂದು ವರ್ಷದಿಂದ ನಿಮ್ಮ ಮೇಲೆ ಒಂದೇ ವಾಕ್ಯ ಬರೀತಾ ಬಂದಿದ್ದಾರೆ. ನಿರ್ಧಾರ ತಗೊಳ್ಳೋ ಧೈರ್ಯ ಇಲ್ಲ ಅಂತ. ಈ ಸಾಲಲ್ಲಿ ಒಂದು ಗಂಟೆ ನಿಂತು ನೋಡಿದೀನಿ. ಆ ವಾಕ್ಯ ಶುದ್ಧ ಸುಳ್ಳು.”

ಪೆನ್ನಿನ ಮುಚ್ಚಳ ತೆರೆದುಕೊಂಡಿತು. ಹಳೆಯ ವಾಕ್ಯದ ಮೇಲೆ ನೀಟಾದ ಒಂದು ಗೀಟು ಬಿತ್ತು. ರಾಯರ ಕಿವಿಯಲ್ಲಿ ಆರೂ ಪ್ಲಾಟ್‌ಫಾರ್ಮುಗಳ ಗಂಟೆಗಳು ಒಟ್ಟಿಗೆ ಮೊಳಗಿದವು. ಮೇಲ್ವಿಚಾರಕರ ಖುರ್ಚಿ, ಅದರ ಮೆತ್ತೆ, ಮೆತ್ತೆಯ ಮೇಲೆ ತಾವು!

“ಇನ್ನೊಂದು ಕಾಗದ ಇದೆ,” ಎಂದು ಅಧಿಕಾರಿ ಕೈಚೀಲದಿಂದ ನಾಲ್ಕು ಮಡಿಕೆಯ ಪತ್ರವನ್ನು ತೆಗೆದು ಹರಡಿದರು. “ಓದಿ.”

ರಾಯರು ಓದಿದರು. ಎಂಟು ತಿಂಗಳ ಹಿಂದಿನ ವಿಚಾರಣೆ. ‘ಕೆಂಪು ಮಖಮಲ್ಲಿನ ಚೀಲ, ಒಳಗೆ ಟ್ಯಾರೋ ಕಾರ್ಡುಗಳು, ಒಂದರ ಮೇಲೆ ಚಹಾದ ಕಲೆ. ತಾಯಿಯ ಕೊಡುಗೆ. ದಯವಿಟ್ಟು ಹುಡುಕಿಕೊಡಿ.’ ಅದರ ಮೇಲೆ ಮೂಲೆಯಿಂದ ಮೂಲೆಗೆ, ಅವರದೇ ಕೈಯ ಮುದ್ರೆ: ‘ಅಂತಹ ವಸ್ತು ಬಂದಿಲ್ಲ.’

ಅಂದು ರಿಜಿಸ್ಟರಿನಲ್ಲಿ ಟ್ಯಾರೋ ಎಂದು ಎಲ್ಲಿತ್ತು? ಇದ್ದದ್ದು ಮಕ್ಕಳ ಚಿತ್ರಕಾರ್ಡು. ರಾಯರ ಹನ್ನೊಂದು ವರ್ಷದ ಅಭ್ಯಾಸ ಮುಂದೆ ಬಂದು ಕೇಳಿತು: “ನಿಮ್ಮದೇ ಅನ್ನೋದಕ್ಕೆ... ಗುರುತು ಏನಾದ್ರೂ ಇದೆಯಾ ಮೇಡಂ?”

“ಇದೆ. ಎಣಿಸಿ ನೋಡಿ. ಎಪ್ಪತ್ತೇಳೇ ಇರ್ತವೆ.”

ಅಧಿಕಾರಿ ದಿನಚರಿ ಪುಸ್ತಕ ತೆರೆದರು. ಪುಟದ ಗುರುತಿಗೆಂದು ಇಟ್ಟಿದ್ದ ಒಂದು ಕಾರ್ಡು ಅಲ್ಲಿತ್ತು. ಹೆಗಲಿಗೊಂದು ಗಂಟು ಸಿಕ್ಕಿಸಿಕೊಂಡು, ಆಕಾಶ ನೋಡುತ್ತ, ಬಂಡೆಯ ಅಂಚಿನಾಚೆ ನಗುನಗುತ್ತ ಕಾಲಿಡಲಿರುವ ಯುವಕ. ಪೆದ್ದ.

“ಹೊಸಬರ ಕಾರ್ಡು ಇದು,” ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ರಾಯರಿಗೆ ಹೆಚ್ಚು ಚುಚ್ಚಿತು. “ಅಮ್ಮ ಹೇಳ್ತಿದ್ದರು, ಮೊದಲ ಹೆಜ್ಜೆ ಇಡೋಕೆ ಸ್ವಲ್ಪ ಪೆದ್ದತನ ಬೇಕು ಅಂತ. ನೀವು ಚೆನ್ನಾಗಿ ಓದ್ತೀರಿ. ನನ್ನ ಕಾರ್ಡಲ್ಲಿ ಓದಿದಿರಿ, ಅಷ್ಟೇ.”

ಎಪ್ಪತ್ತೆಂಟೂ ಚೀಲ ಸೇರಿದವು. ವಾಪಸು ಕೊಟ್ಟುದಕ್ಕೆ ಮುದ್ರೆ ಬೇಕಿತ್ತು. ರಾಯರು ‘ಸಿಕ್ಕಿದೆ’ ಮುದ್ರೆಗೆ ಉಗುಳು ಹಚ್ಚಿ, ಶಾಯಿ ಸುರಿದು, ಮೂರು ಸಲ ಒತ್ತಿದ ಮೇಲೆ ಅರ್ಧ ಅಕ್ಷರ ಮೂಡಿತು. ಅಧಿಕಾರಿ ಗೀಟೆಳೆದ ಸಾಲಿನ ಕೆಳಗೆ ಹೊಸ ಸಾಲು ಬರೆದು, ಕಡತವನ್ನು ರಾಯರತ್ತ ತಿರುಗಿಸಿ ಸಹಿ ಹಾಕಿಸಿಕೊಂಡರು: ‘ಪ್ರಾಮಾಣಿಕರು. ನಿರ್ಧಾರ ತೆಗೆದುಕೊಳ್ಳುವ ಧೈರ್ಯ ಧಾರಾಳವಾಗಿದೆ. ಆದ್ದರಿಂದ ಸದ್ಯಕ್ಕೆ ಇರುವಲ್ಲೇ ಇರುವುದು ಕ್ಷೇಮ.’

ನಾಲ್ಕು ಗಂಟೆಯ ಗಾಡಿ ಬಂತು, ಹೋಯಿತು. ಪಾರ್ಸೆಲ್ ಅಕ್ಕ ಒಂದು ಲೋಟ ಚಹಾ ತಂದಿಟ್ಟು, ಅಪರೂಪಕ್ಕೆ ಏನನ್ನೂ ತೂಗದೆ ಹಿಂತಿರುಗಿದರು. ರಾಯರು ನೋಟುಬುಕ್ಕು ತೆರೆದರು. ಮಧ್ಯಾಹ್ನ ಗೀಟೆಳೆದಿದ್ದ ಸಾಲು ಗೀಟಿನ ಅಡಿಯಿಂದ ಅವರನ್ನೇ ನೋಡುತ್ತಿತ್ತು: ‘ಒಬ್ಬ ಹೆಂಗಸು ತನ್ನದನ್ನು ತನಗೆ ಕೊಡಿ ಎಂದು ಕೇಳಿಕೊಂಡು ಬರುತ್ತಾಳೆ.’ ಪಕ್ಕದ ‘ಫಲ’ದ ಕಾಲಮ್ಮಿನಲ್ಲಿ, ಮೂವತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿಗೆ, ‘ಸರಿ’ ಎಂದು ಬರೆದರು. ಸಂತೋಷಪಡಬೇಕೋ ಬೇಡವೋ ಎಂಬುದನ್ನು ಮಾತ್ರ ನಿರ್ಧರಿಸಲಾಗಲಿಲ್ಲ.

ಸಂಜೆ ಮನೆಯ ಬಾಗಿಲಲ್ಲೇ ಹೆಂಡತಿ ಕಾದಿದ್ದಳು. “ಏನ್ರೀ ಆಯ್ತು? ಬಡ್ತಿ?”

“ನೋಡೋಣ.”

“ಕಾರ್ಡಿನ ಚೀಲ ಎಲ್ಲಿ?”

“ಅದರ ಒಡತಿ ಸಿಕ್ಕಿದರು. ಎಪ್ಪತ್ತೆಂಟೂ ಪೂರ್ತಿಯಾಯ್ತು.”

“ಅಂದ್ರೆ, ಆ ಕಳೆದುಹೋಗಿದ್ದ ಪೆದ್ದನೂ ಸಿಕ್ಕಿದನಾ? ಎಲ್ಲಿದ್ದನಂತೆ?”

ರಾಯರು ಚಪ್ಪಲಿ ಬಿಚ್ಚಿ, ಖಾಲಿ ಡಬ್ಬಿಯನ್ನು ಅವಳ ಕೈಗಿತ್ತು, ಅಂದು ಎರಡನೆಯ ಬಾರಿಗೆ ಒಂದಿಷ್ಟೂ ಅನುಮಾನವಿಲ್ಲದೆ ಹೇಳಿದರು:

“ನಿನ್ನ ಕಣ್ಣೆದುರಿಗೇ ಇದ್ದಾನೆ. ಬೇಕಾದ್ರೆ ಬರೆದುಕೊಡ್ತೀನಿ.”